ಮಣ್ಣು ಮುಟ್ಟದ ಬೇರು

"ಅದು ಯಾರದೂ ಏನೂ ತಿನ್ನೂದಿಲ್ಲ ನೋಡ ಅಕ್ಕವ್ವಾ. ಮಂದಿ ಅದಕ್ಕ ಬಂದಣಿಕಿ ಅಂತಾರ, ತಪ್ಪ ಅದು. ಬಂದಣಿಕಿ ಬ್ಯಾರೆ. ಬಂದಣಿಕಿ ಮಾವಿನ ಟೊಂಗಿಗೆ ಹಲ್ಲ ಹಚ್ಚಿ ರಸ ಹೀರತೈತಿ, ಟೊಂಗಿನೂ ಒಣಗಸತೈತಿ, ತಾನೂ ಒಣಗತೈತಿ. ಮರಬಾಳಿ ಹಂಗಲ್ಲ. ಕೂಡಾಕ ಒಂದ ಜಾಗಾ ಸಿಕ್ರ ಸಾಕು ಅದಕ್ಕ. ಬಸ್ಸಿನ್ಯಾಗ ಕೆಲವ್ರು ಇರ್ತಾರಲ್ಲ, ನಮ್ಮ ಬುತ್ತಿ ಕಡೆ ನೋಡೂದಿಲ್ಲ, ನಮ್ಮ ಹೆಗಲಮ್ಯಾಲ ತಲಿ ಇಟ್ಟ ನಿದ್ದಿ ಮಾಡೂದಿಲ್ಲ, ತಮ್ಮ ಪಾಡಿಗೆ ತಾವು ಕುಂತಿರ್ತಾರ, ಹಂಗ. ಗಾಳ್ಯಾಗ ಬೇರ ಬಿಟಗೊಂಡ ಇರತೈತಿ. ಮಳಿ ಬಂದ್ರ ಕುಡಿತೈತಿ, ಬರಲಿಲ್ಲಂದ್ರ ಉಪಾಸ. ನಮ್ಮತ್ತಿ ಅದಕ್ಕ ತ್ಯಾಗಿ ಅಂತಿದ್ರು.

"ನಮ್ಮತ್ತಿಗಿ ಮಂಡಿನೋವ. ನಿನಗ ಗೊತ್ತೈತಲ್ಲ, ನಾವು ಜೈನರು ಮಣ್ಣಾಗಿನ ಗಡ್ಡಿ ಗೆಣಸು ಒಲ್ಲೆವು. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟಿ ಇಲ್ಲ. ಒಂದ ಬೇರ ಕಿತ್ರ ಅದರ ಜೋಡಿ ಮಣ್ಣಾಗಿನ ಎಷ್ಟ ಜೀವ ಹೋಗ್ತಾವೋ ಯಾರ ಎಣಿಸ್ಯಾರ? ನಮ್ಮತ್ತಿ ಔಷಧಕ್ಕೂ ಬೇರ ಮುಟ್ಟತಿದ್ದಿಲ್ಲ. ರಾಯಬಾಗದ ವೈದ್ಯರು ಯಾವದೋ ಬೇರಿನ ಪುಡಿ ಕಟ್ಟಿ ಕೊಟ್ಟಿದ್ರ ಪುಡಕಿ ಬಿಚ್ಚಲಾರದ ತಿರುಗಿ ಕಳಿಸಿದ್ರು. ಆದ್ರ ಮರಬಾಳಿ ಬೇರು ಮಣ್ಣ ಕಂಡಿಲ್ಲ. ಹುಟ್ಟಿದಾಗಿಂದ ಗಾಳ್ಯಾಗ. ಅದನ್ನ ಎಳ್ಳೆಣ್ಣ್ಯಾಗ ಕುದಿಸಿ ತಿಕ್ಕೊಂಡ್ರ ಪಾಪ ಇಲ್ಲ ಅಂತ ತಮಗ ತಾವ ಠರಾಯಿಸಿಬಿಟ್ಟಿದ್ರು. ಯಾವ ಮುನಿಗಳೂ ಹೇಳಿದ್ದಲ್ಲ, ಯಾವ ಶಾಸ್ತ್ರದಾಗೂ ಇಲ್ಲ. ಮಂಡಿನೋವ ಹೇಳಿಕೊಟ್ಟ ಧರ್ಮ ಅದು.

"ನನಗ ಕಲಸಿದ್ದೂ ಅಷ್ಟ. ಒಂದ ಗಡ್ಡಿಯಿಂದ ಒಂದ ಬೇರ ತಗೋ, ಬರೂ ವರ್ಷದ ತನಕ ಅದರ ಹಂತೇಕ ಹೋಗಬ್ಯಾಡ. ನಾ ಹಂಗ ಮಾಡಿದ್ನಿ. ಒಂದ ಸಣ್ಣ ಗಡಗಿ ಎಣ್ಣಿ, ವರ್ಷಕ್ಕೊಮ್ಮೆ. ಅಷ್ಟಕ್ಕ ನಿಂದ್ರಸಬೇಕಾಗಿತ್ತು. ನಾ ಬಾಯಿ ಬಿಟ್ಟೆ."

ರಾಜಮತಿ ಇದನ್ನು ಹೇಳಿದ್ದು ನಮ್ಮ ಕಟ್ಟೆಯ ಮೇಲೆ ಕುಳಿತು, ಜೋಳ ಹಸನು ಮಾಡುತ್ತ. ಶೇಡಬಾಳದಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒರಳಲ್ಲಿ ಕುಟ್ಟಿದರೆ ಈ ಕಡೆ ನಮ್ಮ ಗೂಡಿನಲ್ಲಿಟ್ಟ ಲೋಟ ಅಲುಗುತ್ತಿತ್ತು. ಅವಳು ಮಾತಾಡುವುದೇ ಕಡಿಮೆ. ಒಮ್ಮೆ ಶುರು ಮಾಡಿದಳೆಂದರೆ ನಡುವೆ ಯಾರೂ ಬಾಯಿ ಹಾಕಬಾರದು, ಹಾಕಿದರೆ ಅಲ್ಲಿಗೇ ನಿಲ್ಲಿಸಿ ಮೊರ ಎತ್ತಿಕೊಂಡು ಎದ್ದುಬಿಡುತ್ತಾಳೆ. ಹಾಗಾಗಿ ನಾನು ಜೋಳದಲ್ಲಿ ಕಲ್ಲು ಹುಡುಕುತ್ತ ಕೇಳುತ್ತಿದ್ದೆ.

ಮರಬಾಳೆ ನೋಡದವರಿಗೆ ಒಂದು ಮಾತು ಹೇಳಬೇಕು. ಮಾವು, ಜಾಲಿ, ಹುಣಸೆ ಇಂಥ ಹಳೆಯ ಮರಗಳ ಕವಲಿನಲ್ಲಿ ಅದು ಕೂತಿರುತ್ತದೆ. ಚಕ್ಕಳದಂಥ ದಪ್ಪ ಎಲೆ, ಎರಡೂ ಕಡೆ ಸಾಲಾಗಿ, ಬಾಚಣಿಗೆಯ ಹಾಗೆ. ಬೇರುಗಳು ಬೆಳ್ಳಗೆ, ಕಿರುಬೆರಳಿನ ದಪ್ಪ, ತುದಿ ಮಾತ್ರ ಹಸಿರು. ಕೆಲವು ತೊಗಟೆಗೆ ಅಂಟಿಕೊಂಡಿರುತ್ತವೆ, ಉಳಿದವು ಗಾಳಿಯಲ್ಲಿ ಜೋತಾಡುತ್ತವೆ. ಬೇಸಿಗೆ ಹಿಡಿದು ಮಳೆಗಾಲದ ತನಕ ಹೂ. ಹಳದಿಯ ಮೇಲೆ ಕಂದು ಗೆರೆಯ ಚೌಕಳಿ, ನಡುವೆ ನೀಲಿ ನಾಲಗೆ. ಇಳಕಲ್ಲ ಸೀರೆಯ ಕುಬಸದ ಖಣದಂತೆ ಕಾಣುತ್ತದೆ. ಅದರ ಕೆಳಗೆ ಹಾದು ಹೋದರೆ ವಾಸನೆಗೆ ಒಮ್ಮೆ ನಿಂತು ತಲೆ ಎತ್ತಿ ನೋಡಬೇಕು. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಉಗಾರದ ದಾರಿಯಲ್ಲಿ ಹೊಳೆ ಕಡೆಗೆ ಹೋಗುವಾಗ ಹಾಗೆ ಎಷ್ಟೋ ಸಲ ನಿಲ್ಲಬೇಕಾಗುತ್ತಿತ್ತು. ಮರದ ಮೇಲೆ ಕೂತ ಒಂದೊಂದು ಗಿಡಕ್ಕೆ ಇಲ್ಲಿ ಗಡ್ಡೆ ಅನ್ನುತ್ತಾರೆ; ಬೆಳೆಯುವುದು ಮಾತ್ರ ಬಹಳ ನಿಧಾನ. ತೊಟ್ಟಿಲಲ್ಲಿ ಮಗು ಇದ್ದಾಗ ಕಂಡ ಗಡ್ಡೆ ಆ ಮಗು ಶಾಲೆಗೆ ಹೋಗುವಾಗಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ರಾಜಮತಿಯ ತವರು ಚಿಕ್ಕೋಡಿ ಕಡೆಯ ಕರೋಶಿ. ಜಿನ್ನಪ್ಪನನ್ನು ಮದುವೆಯಾಗಿ ಬಂದಾಗ ಅತ್ತೆ ಆಗಲೇ ಹಾಸಿಗೆ ಹಿಡಿದಿದ್ದರು, ಮೈದುನ ನೇಮಿನಾಥ ಇನ್ನೂ ಕೂಸು. ಅವನ ತಲೆಗೆ ನೀರು ಹಾಕಿದ್ದು, ತುತ್ತು ಮಾಡಿ ತಿನ್ನಿಸಿದ್ದು, ಜ್ವರ ಬಂದರೆ ತೊಡೆಯ ಮೇಲೆ ಹಾಕಿಕೊಂಡು ಕೂತದ್ದು ಎಲ್ಲ ಇವಳೇ. ತನಗೆ ಮಕ್ಕಳಾಗಲಿಲ್ಲ. ಜಿನ್ನಪ್ಪ ಒಳ್ಳೆಯವನೇ. ಕಬ್ಬು, ದ್ರಾಕ್ಷಿ, ಎತ್ತು, ಇಷ್ಟರಲ್ಲೇ ಅವನ ಲೋಕ. ಬೈಯಲಿಲ್ಲ, ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ. ಆದರೆ ಓಣಿಯ ಹೆಂಗಸರು? ಬಸುರಿಯರ ಕುಬಸಕ್ಕೂ ಕೂಸಿನ ತೊಟ್ಟಿಲಿಗೂ ಅವಳನ್ನು ಕರೆಯುತ್ತಿದ್ದರು, ಕರೆದು ಬಾಗಿಲ ಹತ್ತಿರ ಕೂಡಿಸುತ್ತಿದ್ದರು. ಅವಳೂ ಸುಮ್ಮನೆ ಕೂತು ಎಲೆ ಅಡಿಕೆ ತಗೊಂಡು ಬರುತ್ತಿದ್ದಳು. ಆ ಬಗ್ಗೆ ಒಂದು ದಿನವೂ ನನ್ನ ಹತ್ತಿರ ಮಾತೆತ್ತಲಿಲ್ಲ. ಎತ್ತಲಿಲ್ಲ ಅಂದರೆ ನೋವಾಗಲಿಲ್ಲ ಅಂತಲ್ಲ.

ಎಂಬತ್ನಾಲ್ಕನೇ ಇಸವಿಯ ಮಳೆಗಾಲ. ಜೈನ ಸನ್ಯಾಸಿಗಳು ಮಳೆಗಾಲದಲ್ಲಿ ಊರೂರು ತಿರುಗುವುದಿಲ್ಲ. ಹಸಿ ನೆಲದ ಮೇಲೆ ನಡೆದರೆ ಹುಳಹುಪ್ಪಡಿ ಸಾಯುತ್ತವೆಂದು ಒಂದೇ ಊರಲ್ಲಿ ನಿಲ್ಲುತ್ತಾರೆ. ಆ ವರ್ಷ ನಮ್ಮೂರಿನಲ್ಲಿ ನಿಂತವರು ಬಿಳಿ ಸೀರೆಯ ಒಬ್ಬ ವಯಸ್ಸಾದ ಮಾತಾಜಿ. ಊರಿಂದೂರಿಗೆ ಬರಿಗಾಲಲ್ಲಿ ನಡೆದು ಅವರ ಮಂಡಿಗಳು ಸೋರೆಕಾಯಿ ಆಗಿದ್ದವು. ಕೂತರೆ ಏಳಲಾರರು, ಎದ್ದರೆ ಕೂರಲಾರರು. ಊರಿನ ಜೈನ ಹೆಂಗಸರು, ಶ್ರಾವಕಿಯರು, ಪಾಳಿಯ ಮೇಲೆ ಹೋಗಿ ಕಾಲು ಒತ್ತುತ್ತಿದ್ದರು. ರಾಜಮತಿಯ ಪಾಳಿ ಬಂದ ದಿನ ಅವಳು ತನ್ನ ಗಡಿಗೆಯಿಂದ ಒಂದು ಬಟ್ಟಲು ಎಣ್ಣೆ ತೆಗೆದುಕೊಂಡು ಹೋದಳು.

"ಇದರಾಗ ಏನೈತವ್ವಾ?" ಮಾತಾಜಿ ಕೇಳಿದರು.

"ಮರಬಾಳಿ ಬೇರ ಐತ್ರಿ."

ಮಾತಾಜಿ ಕಾಲು ಎಳೆದುಕೊಂಡರು. "ಬೇರ ಒಲ್ಲೆ. ನೋವಿದ್ರ ಇರ್ಲಿ, ನೋವೇನ ನಂದಲ್ಲ, ಈ ಶರೀರದ್ದು."

"ಮಣ್ಣಿನ ಬೇರಲ್ರಿ ಮಾತಾಜಿ. ಗಾಳ್ಯಾಗಿನ ಬೇರ. ನೆಲಾನ ಮುಟ್ಟಿಲ್ರಿ ಅದು."

"ನೆಲ ಮುಟ್ಟಲಾರದ ಬೇರ ಎಲ್ಲಿರತೈತಿ? ಚಾಷ್ಟಿ ಮಾಡ್ತಿಯೇನು?"

"ನಡೀರಿ, ತೋರಸ್ತೀನಿ."

ಮಾತಾಜಿ ನಿಜಕ್ಕೂ ಎದ್ದರು. ಇಬ್ಬರು ಹೆಂಗಸರ ಹೆಗಲು ಹಿಡಿದು, ಮಳೆ ಬಿಟ್ಟ ಒಂದು ಹೊತ್ತು ನೋಡಿ, ನೆಲ ನೋಡಿ ನೋಡಿ ಹೆಜ್ಜೆ ಇಡುತ್ತ, ಜಿನ್ನಪ್ಪನ ಹೊಲದ ಬದುವಿನ ಮೇಲಿದ್ದ ಮಾವಿನ ಮರದ ತನಕ ಬಂದರು. ನಾನೂ ಹಿಂದೆ ಹೋಗಿದ್ದೆ. ಮರಬಾಳೆ ಹೂ ಬಿಟ್ಟಿತ್ತು. ಮಾತಾಜಿ ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದರು. ಆಮೇಲೆ ನಕ್ಕರು. "ನಮ್ಮಂಗ ಐತವ್ವಾ ಇದು. ಮನಿ ಇಲ್ಲ, ಹೊಲ ಇಲ್ಲ, ಮುಂದಿನ ಊಟದ ಕಾಳಜಿ ಇಲ್ಲ."

ಅಂದಿನಿಂದ ಎಣ್ಣೆ ಹಚ್ಚಿಸಿಕೊಂಡರು. ದೀಪಾವಳಿಯ ಹೊತ್ತಿಗೆ ತಾವೇ ಎದ್ದು ನಿಲ್ಲುವಂತಾದರು. ಎಣ್ಣೆಯಿಂದಲೋ, ನಾಲ್ಕು ತಿಂಗಳು ನಡೆಯದೆ ಕೂತದ್ದರಿಂದಲೋ, ನನಗೆ ಗೊತ್ತಿಲ್ಲ. ಹೊರಡುವ ದಿನದ ಪ್ರವಚನದಲ್ಲಿ, ಬಸದಿ ತುಂಬ ಮಂದಿ ಇರುವಾಗ, ರಾಜಮತಿಯನ್ನು ಹೆಸರು ಹಿಡಿದು ಕರೆದು ಮುಂದೆ ಕೂಡಿಸಿಕೊಂಡರು. "ಈ ಬೇರಿಗೆ ದೋಷ ಇಲ್ಲ. ಈಕಿ ಕೈಗೂ ದೋಷ ಇಲ್ಲ" ಅಂದರು.

ಆ ಒಂದು ಮಾತಿಗೆ ಅವಳ ಜನ್ಮವೇ ತಿರುಗಿತು. ಉಗಾರ, ಕಾಗವಾಡ, ಅಥಣಿ, ಆ ಕಡೆ ಮಿರಜದಿಂದಲೂ ಮಂಡಿ ಹಿಡಿದ ಹೆಂಗಸರು ಬರತೊಡಗಿದರು. ಎಲ್ಲರೂ ವ್ರತದವರು, ಬೇರು ಒಲ್ಲದವರು. ವೈದ್ಯರು ಕೊಟ್ಟದ್ದು ಮುಟ್ಟಲಾಗದೆ ವರ್ಷಗಟ್ಟಲೆ ನೋವು ನುಂಗಿದವರು. ಅವರಿಗೆಲ್ಲ ಇದೊಂದು ಬಾಗಿಲು ತೆರೆದಂತಾಯಿತು. ತೊಟ್ಟಿಲ ಕಾರ್ಯದಲ್ಲಿ ಈಗ ಮುದುಕಿಯರು ಸರಿದು ರಾಜಮತಿಗೆ ಜಾಗ ಬಿಡುತ್ತಿದ್ದರು. "ಬಾರವ್ವ, ಮುಂದ ಬಾ, ನಿನ್ನ ಕೈಲೆ ಕೂಸಿನ ಮಂಡಿಗೆ ಮೊದಲ ಎಣ್ಣಿ ಹಚ್ಚು" ಎನ್ನುತ್ತಿದ್ದರು. ಮೊದಲ ಸಲ ಹಾಗೆ ಕರೆದಾಗ ಅವಳ ಮುಖ ನೋಡಿದ್ದೇನೆ. ಆ ಮುಖ ನೋಡಿದ ನನಗೆ ಅವಳ ಮೇಲೆ ಯಾವ ತಪ್ಪೂ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ನೇಮಿನಾಥ ಆಗ ನಿಪ್ಪಾಣಿಯಲ್ಲಿದ್ದ. ತಂಬಾಕು ತುಂಬಿಡುವ ವಖಾರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ದಿನವಿಡೀ ಸೀನು. ಅವನು ಬಂದು ವೈನಿಯ, ಅಂದರೆ ಅತ್ತಿಗೆಯ, ಮುಂದೆ ಕೂತ.

"ವೈನಿ, ನೀವು ಮನ್ಯಾಗ ಕುಂತ ಬಟ್ಟಲ ಬಟ್ಟಲ ಕೊಟ್ರ ಎಷ್ಟ ಮಂದಿಗೆ ಮುಟ್ಟತೈತಿ? ಬಾಟಲಿ ತುಂಬೋಣು. ನಿರ್ದೋಷ ತೈಲ ಅಂತ ಹೆಸರು. ಮ್ಯಾಲ ಮರಬಾಳಿ ಚಿತ್ರ. ಮಣ್ಣು ಮುಟ್ಟದ ಬೇರಿನದು ಅಂತ ಕನ್ನಡದಾಗೂ ಮರಾಠ್ಯಾಗೂ ಬರಸ್ತೀನಿ."

"ಒಂದ ಗಡ್ಡಿಗೆ ಒಂದ ಬೇರ, ನೇಮ್ಯಾ."

"ಒಂದ ಗಡ್ಡಿಗೆ ಒಂದ ಬೇರ. ಆತಲ್ಲ?"

"ಆತು."

ಮರ ಹತ್ತಲು ಲಗಮಣ್ಣನನ್ನು ಹಿಡಿದರು. ಹುಣಸೆ ಬಡಿಯುವುದು, ಜೇನು ಇಳಿಸುವುದು ಅವನ ಕಸುಬು. ಮೊದಲ ದಿನ ರಾಜಮತಿ ತಾನೇ ಹೋಗಿ ಬದುವಿನ ಮರದ ಕೆಳಗೆ ನಿಂತು, ಯಾವ ಬೇರು ಮುಟ್ಟಬೇಕು, ಯಾವುದು ಬಿಡಬೇಕು ಎಂದು ಕೈಮಾಡಿ ತೋರಿಸಿದಳು. ಲಗಮಣ್ಣ ಮೇಲಿಂದಲೇ ಕೂಗಿದ:

"ಬಾಯಾರ, ಒಂದೊಂದ ಬೇರಿಗೆ ಒಂದೊಂದ ಗಿಡ ಹತ್ತಿ ಇಳದ್ರ ನಾಳೆ ನನ್ನ ಮಂಡಿಗೂ ನಿಮ್ಮ ಎಣ್ಣಿ ಬೇಕಾಗತೈತ್ರಿ!"

ಎಲ್ಲರೂ ನಕ್ಕರು. ರಾಜಮತಿಯೂ ನಕ್ಕಳು.

ಎಣ್ಣೆ ಕುದಿಸುವುದು ನಿಪ್ಪಾಣಿಗೆ ಹೋಯಿತು. ಹೆದ್ದಾರಿಗೆ ಹತ್ತಿಕೊಂಡಂತೆ ನೇಮಿನಾಥನ ಅಂಗಡಿ, ಹಿತ್ತಲಲ್ಲಿ ದೊಡ್ಡ ಕಡಾಯಿ. ಲಗಮಣ್ಣ ಗಳಕ್ಕೆ ಕುಡಗೋಲು ಕಟ್ಟಿಕೊಂಡು, ಬೇರಲ್ಲ, ಇಡೀ ಗಡ್ಡೆಯನ್ನೇ ಕೆಳಗೆ ಕೆಡವಿ, ಚೀಲಕ್ಕೆ ತುಂಬಿ, ಅಲ್ಲಿಂದಲೇ ನಿಪ್ಪಾಣಿಯ ಬಸ್ಸಿಗೆ ಹಾಕುತ್ತಿದ್ದ. ಚೀಲ ಶೇಡಬಾಳಕ್ಕೆ ಬರುತ್ತಲೇ ಇರಲಿಲ್ಲ. ರಾಜಮತಿ ಅದನ್ನು ಕಾಣಲಿಲ್ಲ. ಹಬ್ಬಕ್ಕೆ ನೇಮಿನಾಥ ಸೀರೆ ತರುತ್ತಿದ್ದ, "ಎಲ್ಲಾ ನಿಮ್ಮ ಪುಣ್ಯಾ ವೈನಿ" ಅಂತ ಕಾಲು ಮುಟ್ಟುತ್ತಿದ್ದ. ನಮ್ಮ ಹೊಳೆ ದಾರಿಯಲ್ಲಿ ವಾಸನೆ ನಿಂತದ್ದು ಯಾವ ವರ್ಷ ಅಂತ ನನಗೂ ಹೇಳಲು ಬರುವುದಿಲ್ಲ. ಕಬ್ಬಿಗೆ ನೀರಾವರಿ ಆಗಿ ಬದುವಿನ ಮರಗಳೂ ಕಡಿಮೆಯಾಗುತ್ತಿದ್ದವು. ಒಂದು ಇಲ್ಲದಿದ್ದರೆ ಇನ್ನೊಂದು ಕಾರಣ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತೊಂಬತ್ತರಲ್ಲಿ ಅವಳ ಅಣ್ಣ ಕಾಕಾಸಾಹೇಬರ ಮಗಳ ಮದುವೆ, ಕರೋಶಿಯಲ್ಲಿ. ನನ್ನನ್ನೂ ಕರೆದುಕೊಂಡು ಹೋದಳು. ಅರಿಶಿನದ ದಿನ, ಬಾ ನಮ್ಮ ಹೊಲದ ಮಾವಿನ ಸಾಲು ತೋರಿಸುತ್ತೇನೆ, ಚಿಕ್ಕಂದಿನಲ್ಲಿ ಅಲ್ಲಿ ಮರಬಾಳೆ ಹೂ ಮುಡಿಯುತ್ತಿದ್ದೆವು ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಮರಗಳು ಇದ್ದವು. ಕವಲುಗಳಲ್ಲಿ, ಬೇರು ಅಂಟಿದ್ದ ಕಡೆ, ತೊಗಟೆಯ ಮೇಲೆ ಬಿಳಿ ಬಿಳಿ ಗೆರೆ ಮಾತ್ರ ಉಳಿದಿತ್ತು. ಒಂದು ಮರ ನೋಡಿದಳು, ಇನ್ನೊಂದು ನೋಡಿದಳು. ಸಾಲು ಮುಗಿಯುವ ತನಕ ನಡೆದಳು.

ಹಿಂದೆಯೇ ಬಂದ ಅಣ್ಣ ಹೆಮ್ಮೆಯಿಂದ ಹೇಳಿದರು: "ನಿಮ್ಮ ನೇಮಿನಾಥನ ಮನಶ್ಯಾ ಬಂದಿದ್ದ. ನಮ್ಮ ತಂಗಿ ಎಣ್ಣಿಗೆ ಅಂದಮ್ಯಾಲ ಇಲ್ಲ ಅನ್ನಾಕ ಬರತೈತೇನು? ನಾನ ಮುಂದ ನಿಂತ ಎಲ್ಲಾ ತಗಸಿ ಕೊಟ್ಟೆ. ಒಂದೂ ಬಿಡಲಿಲ್ಲ."

"ಒಂದೂ ಬಿಡಲಿಲ್ಲಾ?"

"ಹೇಳ್ತೀನಲ್ಲ, ಒಂದೂ ಬಿಟ್ಟಿಲ್ಲ. ಧರ್ಮದ ಕೆಲಸ."

ಅವಳು ತಿರುಗಿ ಅರಿಶಿನದ ಕೆಲಸಕ್ಕೆ ಹೋದಳು. ಮದುವೆಮನೆ. ಆದರೆ ಅಕ್ಷತೆ ಬಿದ್ದ ಮರುದಿನವೇ ನನ್ನನ್ನು ಕರೆದುಕೊಂಡು ಹೊರಟಳು, ಶೇಡಬಾಳಕ್ಕಲ್ಲ, ಅಥಣಿಗೆ. ಆ ಮಾತಾಜಿ ಆಗ ಅಥಣಿಯಲ್ಲಿದ್ದರು. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಪ್ರತಿ ಮಾವಿನ ಮರವನ್ನೂ ತಲೆ ಹೊರಗೆ ಹಾಕಿ ನೋಡುತ್ತಿದ್ದಳು. ಕಂಡಕ್ಟರ್ ಎರಡು ಸಲ ಬೈದ.

ಮಾತಾಜಿಯ ಮುಂದೆ ಕೂತು ಒಂದೇ ಮಾತು ಕೇಳಿದಳು. "ಆ ಬೇರಿಗೆ ದೋಷ ಇಲ್ಲಂದಿದ್ರಿ. ಆ ಮಾತ ತಿರುಗಿ ತಗೋರಿ."

ಕಂಡದ್ದನ್ನೆಲ್ಲ ಹೇಳಿದಳು. ಮಣ್ಣಿನ ಬೇರು ಕಿತ್ತರೆ ಮಣ್ಣಿನ ಜೀವ ಹೋಗುತ್ತವೆಂದು ಬಿಟ್ಟೆವು, ಇಲ್ಲಿ ಒಂದು ಜಾತಿಯೇ ಹೋಯಿತು ಎಂದಳು. ಮಾತಾಜಿ ಕಣ್ಣು ಮುಚ್ಚಿ ಕೇಳಿದರು. ಒಳ್ಳೆಯ ಹೆಂಗಸು ಅವರು, ಜಾರಿಕೊಳ್ಳಲಿಲ್ಲ.

"ಅಂದಿದ್ದು ಖರೆ. ಬೇರ ನೋಡಿದ್ನಿ, ಮಂದಿ ಆಶಾ ನೋಡಲಿಲ್ಲ. ಇವತ್ತಿಂದ ನನಗ ಆ ಎಣ್ಣಿ ತ್ಯಾಗ. ಜೀವ ಇರೂ ತನಕ ಮುಟ್ಟೂದಿಲ್ಲ. ಎಲ್ಲಾರ ಮುಂದ ಹೇಳ್ತೀನಿ."

ಹೇಳಿದರು ಕೂಡ. ಮರುದಿನದ ಪ್ರವಚನದಲ್ಲಿ, ನಾವು ಇನ್ನೂ ಅಲ್ಲೇ ಇರುವಾಗ, ಕೈಯೆತ್ತಿ ವ್ರತ ತೆಗೆದುಕೊಂಡರು; ಕಾರಣವನ್ನೂ ಹೇಳಿದರು. ರಾಜಮತಿ ಅತ್ತಳು. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಮಾಡಿದಳು.

ಆದರೆ ಮಂದಿಯ ಕಿವಿಯೇ ಬೇರೆ. ಜೈನರಲ್ಲಿ ವ್ರತ ಹಿಡಿಯುವವರು ತಮಗೆ ಬಹಳ ಪ್ರೀತಿಯ ವಸ್ತುವನ್ನೇ ಬಿಡುತ್ತಾರೆ. ಬೆಲ್ಲ ಇಷ್ಟವಿದ್ದವರು ಬೆಲ್ಲ, ಹಾಲು ಇಷ್ಟವಿದ್ದವರು ಹಾಲು. ಕಹಿ ಬಿಟ್ಟೆ ಎಂದರೆ ಅದೇನು ತ್ಯಾಗ? ಹಾಗಾಗಿ, ಕಾರಣ ಕೇಳಿದವರು ಬಸದಿಯಲ್ಲೇ ಉಳಿದರು, ಸುದ್ದಿ ಮಾತ್ರ ಊರೂರು ತಿರುಗಿತು: ಮಾತಾಜಿಯವರಂಥವರೇ ತ್ಯಾಗ ಮಾಡಬೇಕಾಯಿತೆಂದರೆ ಆ ಎಣ್ಣೆಯಲ್ಲಿ ಎಂಥ ಸುಖ ಇರಬೇಕು! ಮುಂದಿನ ತಿಂಗಳೇ ನಮ್ಮ ಓಣಿಗೆ ಬಂದ ಕುಡಚಿಯ ಒಬ್ಬ ಹೆಂಗಸು ಕಟ್ಟೆ ಹತ್ತುತ್ತಲೇ ಕೇಳಿದಳು, "ಮಾತಾಜಿ ತ್ಯಾಗ ಮಾಡಿದ ಎಣ್ಣಿ ಇದ ಅಲ್ಲೇನ್ರಿ? ನನಗ ಎರಡು ಬಾಟ್ಲಿ ಇರ್ಲಿ."

ರಾಜಮತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಗಸು ನನ್ನನ್ನು ಕೇಳಿದಳು, "ಯಾಕ, ಸೂತಕೇನ್ರಿ?"

ಈಗ ಉಳಿದದ್ದು ಒಂದೇ ಗಡ್ಡೆ, ಮಾತಾಜಿ ನೋಡಿ ನಕ್ಕಿದ್ದು, ಜಿನ್ನಪ್ಪನ ಬದುವಿನ ಮಾವಿನ ಮರದ್ದು. ಬಾಯಾರ ಮರವೆಂದು ಲಗಮಣ್ಣ ಅದೊಂದನ್ನು ಕೆಡವಿರಲಿಲ್ಲ. ರಾಜಮತಿ ಅದಕ್ಕೆ ಬೆನ್ನು ಹತ್ತಿದಳು. ಬುತ್ತಿ ಒಯ್ಯುವ ನೆಪದಲ್ಲಿ ದಿನಾ ಹೊಲಕ್ಕೆ. ಹೂವಾದ ಮೇಲೆ ಕಾಯಿ ಕಟ್ಟಿದರೆ, ಕಾಯಿ ಒಡೆದು ಒಳಗಿನ ಧೂಳು ಹಾರಿದರೆ, ಎಲ್ಲಾದರೂ ಒಂದು ಮರಿ ಹುಟ್ಟಬಹುದು, ಇದೇ ಅವಳ ಆಸೆ. ಮೂರು ವರ್ಷ ಹೂ ಬಂತು, ಕಾಯಿ ಕಟ್ಟಲಿಲ್ಲ. "ಜೋಡಿ ಬೇಕ ಅದಕ್ಕೂ" ಅಂದಳು ಒಮ್ಮೆ, "ಒಂದ ಉಳದ್ರ ಏನ ಮಾಡೀತು." ಮತ್ತೆ ಮರುದಿನ ಹೋದಳು.

ನೇಮಿನಾಥ ಕೇಳಲು ಬಂದೇ ಬಂದ. ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಈ ಕಡೆ ನನಗೆ ಒಂದೊಂದು ಮಾತೂ ಕೇಳುತ್ತಿತ್ತು.

"ಎಣ್ಣಿಗಲ್ರಿ ವೈನಿ. ಎಣ್ಣ್ಯಾಗ ಈಗ ಬೇರ ಎಲ್ಲೈತಿ? ಹಾಕದ ಎರಡ ವರ್ಷಾತು. ಸಾಸಿವಿ ಎಣ್ಣಿ, ಕರ್ಪೂರ, ಚೂರ ಹಸರ ಬಣ್ಣ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಮಂದಿಗೆ ಗೊತ್ತಾಗೂದಿಲ್ಲಾ?"

"ಮಂಡಿ ಹಗುರಾತು ಅಂತಾರ. ನಾ ಯಾಕ ಇಲ್ಲ ಅನ್ಲಿ?"

"ಹಂಗಾರ ಇದು ಯಾಕ ಬೇಕು?"

"ಚಿಕ್ಕೋಡ್ಯಾಗ ಒಬ್ಬಾಂವ ನಕಲಿ ಮಾಡಿ ಮಾರಾಕತ್ತಾನ. ಮಂದಿ ಬಂದು, ನಿಂದು ಅಸಲಿ ಅಂತ ಹೆಂಗ ನಂಬೂದು, ಗಿಡಾ ತೋರಸು ಅಂತಾರ. ಅಂಗಡಿ ಬಾಗಿಲಿಗೆ ತೂಗ ಹಾಕ್ತೀನಿ. ಅಷ್ಟ."

"ನಿಂದೂ ನಕಲಿನ ಅಲ್ಲೇನೋ ನೇಮ್ಯಾ?"

"ನಮ್ಮದು ಮೊದಲಿಂದು ವೈನಿ."

ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. "ಕೊಡೂದಿಲ್ಲ" ಅಂದಳು. ಮದುವೆಯಾಗಿ ಬಂದಾಗಿನಿಂದ ಅವನಿಗೆ ಅವಳು ಆ ಮಾತು ಹೇಳಿದ್ದು ನಾನು ಕೇಳಿರಲಿಲ್ಲ.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ. ರಾಜಮತಿ ಉಪವಾಸ ಹಿಡಿದು ಬಸದಿಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದಳು. ಮಾವಿನ ಮರದ ಮರಬಾಳೆ ಆಗ ತಡವಾಗಿ ಒಂದು ದಂಡೆ ಹೂ ಬಿಟ್ಟಿತ್ತು. ಪರ್ವ ಮುಗಿಸಿ, ಎಲ್ಲರೂ ಎಲ್ಲರಿಗೂ ಕೈಮುಗಿದು ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ, ಅವಳು ಹೊಲಕ್ಕೆ ಹೋದಳು. ಕವಲಿನಲ್ಲಿ ತೊಗಟೆ ಸಮೇತ ಹೆರೆದ ಗಾಯ, ಹಸಿ.

ಜಿನ್ನಪ್ಪ ಎತ್ತಿಗೆ ಮೇವು ಹಾಕುತ್ತಿದ್ದ. "ನಾನ ತಗೋ ಅಂದೆ" ಅಂದ. "ತಮ್ಮ ಕೇಳಿದ. ಗಿಡ ಏನ ಕಡೀಲಿಲ್ಲಲ್ಲ, ಮಾವಿಗೆ ಭಾರ ಕಮ್ಮಿ ಆತು. ಒಂದ ಬಂದಣಿಕಿ ಸಲುವಾಗಿ ಅಣ್ಣತಮ್ಮಂದಿರು ಕೆಡಬೇಕೇನು?"

"ಬಂದಣಿಕಿ ಅಲ್ರೀ ಅದು."

"ಏನರ ಇರ್ಲಿ." ಆಮೇಲೆ ಹಬ್ಬದ ದಿನವೆಂದು ನೆನಪಾಗಿ ಕೈಮುಗಿದ. "ಉತ್ತಮ ಕ್ಷಮಾ."

ಅವಳು ಕೈಮುಗಿಯಲಿಲ್ಲ. ಸೀರೆ ಕೂಡ ಬದಲಿಸದೆ ನನ್ನ ಮನೆಗೆ ಬಂದು "ನಿಪ್ಪಾಣಿಗಿ ಬರ್ತೀಯಾ?" ಅಂದಳು.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಹೆದ್ದಾರಿಯ ಧೂಳು, ಲಾರಿಗಳ ಹೊಗೆ, ಎದುರಿನ ವಖಾರಿಯಿಂದ ತಂಬಾಕಿನ ಘಾಟು. ಬಾಗಿಲ ಮೇಲೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ದಾರದ ಪಕ್ಕದಲ್ಲೇ, ತಂತಿಯಲ್ಲಿ ತಲೆಕೆಳಗಾಗಿ, ಮರಬಾಳೆ. ಹೂವು ಇನ್ನೂ ಬಾಡಿರಲಿಲ್ಲ. ಬೇರುಗಳು ಮಾತ್ರ ಮೋಟು ಮೋಟು. ಬಾಟಲಿ ಕೊಂಡ ಹೆಂಗಸೊಬ್ಬಳು ನಾವು ನೋಡುತ್ತಿರುವಾಗಲೇ ಕೈಯೆತ್ತಿ ಒಂದು ತುಂಡು ಬೇರು ಚಟ್ಟನೆ ಮುರಿದು, ಕಣ್ಣಿಗೆ ಒತ್ತಿಕೊಂಡು, ಸೆರಗಿನಲ್ಲಿ ಗಂಟು ಹಾಕಿದಳು.

ಗಲ್ಲಾ ಪೆಟ್ಟಿಗೆಯ ಹಿಂದಿನಿಂದ ನೇಮಿನಾಥ ಎದ್ದು ಬಂದ. ಕಾಲು ಮುಟ್ಟಿದ. ಗಿರಾಕಿಗಳ ಕಡೆ ತಿರುಗಿ, "ಇವ್ರ ನೋಡ್ರಿ ನಮ್ಮ ವೈನಿ. ಮಾತಾಜಿ ಸೇವಾ ಮಾಡಿದವರು. ಈ ಎಣ್ಣಿ ಮೂಲ ಇವರು" ಅಂದ.

ಬೇರು ಮುರಿದ ಹೆಂಗಸು ಓಡಿ ಬಂದು ರಾಜಮತಿಯ ಕೈ ಹಿಡಿದಳು. "ಹೌದೇನ್ರಿ ಅಕ್ಕಾರ? ನಿಮ್ಮ ಬಾಯಿಲೆ ಹೇಳಿಬಿಡ್ರಿ. ಇದಕ್ಕ ಪಾಪ ಇಲ್ಲಂತಲ್ಲರಿ?"

"ಐತಿ" ಅಂದಳು ರಾಜಮತಿ.

ಹೆಂಗಸು ಕೈ ಬಿಟ್ಟಳು. ನೇಮಿನಾಥ ದೊಡ್ಡದಾಗಿ ನಕ್ಕ. "ಉಪಾಸ ಬಿಟ್ಟ ಇವತ್ತ ಮೊದಲನೇ ದಿನಾರಿ, ತಲಿ ತಿರಗತೈತಿ. ವೈನಿ, ಒಳಗ ಬರ್ರಿ, ಚಹಾ ತರಸ್ತೀನಿ."

"ಅದನ್ನ ಇಳಸಿ ಕೊಡು."

"ದೀಪಾವಳಿ ಆಗಲಿ, ನಾನ ತಂದ ಕೊಡ್ತೀನಿ. ಅದು ಗಾಳಿ ಮ್ಯಾಲ ಬದಕತೈತಿ ಅಂತ ನೀವ ಹೇಳೀರಿ. ಇಲ್ಲೇನು ಗಾಳಿ ಇಲ್ಲೇನು?"

ಅವಳು ಕೂಗಾಡಲಿಲ್ಲ. ಬಾಗಿಲ ಪಕ್ಕದ ಸ್ಟೂಲು ಎಳೆದುಕೊಂಡು ಅದರ ಮೇಲೆ ಹತ್ತಿದಳು. ಐವತ್ತು ದಾಟಿದ ಹೆಂಗಸು, ಹತ್ತು ದಿನ ಒಪ್ಪೊತ್ತು ಉಂಡ ಮೈ. ನಾನು ಸ್ಟೂಲು ಹಿಡಿದುಕೊಂಡೆ. ಗಿರಾಕಿಗಳು ನೋಡುತ್ತಿದ್ದುದರಿಂದ ನೇಮಿನಾಥ ಮೈಮೇಲೆ ಕೈ ಹಾಕಿ ತಡೆಯಲಾರದೆ ನಿಂತ. ತಂತಿ ಬಿಚ್ಚಿ, ಗಡ್ಡೆಯನ್ನು ಸೆರಗಿನಲ್ಲಿ ಇಟ್ಟುಕೊಂಡು ಇಳಿದಳು.

"ವೈನಿ," ಅವನು ತಗ್ಗಿದ ದನಿಯಲ್ಲಿ ಅಂದ, "ನಿಮಗ ಎಲ್ಲಾರೂ ಮುಂದ ಕೂಡಸತಾರಲ್ಲ, ಅದು ಈ ಬಾಟ್ಲಿ ಸಲುವಾಗಿ. ನೆನಪಿರ್ಲಿ."

"ನೆನಪೈತಿ" ಅಂದಳು. ಚಹಾ ಕುಡಿಯಲಿಲ್ಲ.

ಬದುವಿನ ಮರಕ್ಕೆ ಅದನ್ನು ಕಟ್ಟಿದ್ದು ಲಗಮಣ್ಣ. ಅವನೂ ಕರೆದ ತಕ್ಷಣ ಬಂದ, ತಲೆ ಎತ್ತಿ ನೋಡದೆ ಹತ್ತಿದ. ಅವಳ ಹಳೆಯ ಹತ್ತಿ ಸೀರೆ ಹರಿದ ಪಟ್ಟಿಯಿಂದ, ಅದೇ ಗಾಯದ ಮೇಲೆ, ಬಿಗಿಯಾಗದ ಹಾಗೆ ಸುತ್ತಿದ. "ಬಾಯಾರ, ಬೇರ ಒಂದೂ ಪೂರಾ ಇಲ್ರಿ. ಏನ ಹಿಡಕೊಂಡೀತು?" ಅಂದ. ತೆಲಸಂಗದ ಕಡೆ ಇನ್ನೊಂದು ಗಡ್ಡೆ ಹುಡುಕಿ ಬರಲೇ ಎಂದು ಕೇಳಿದ. ಆ ಕಡೆ ಬರೀ ಬಯಲು, ಒಣ ಬೇಸಾಯ. ಅಲ್ಲಿ ಸಿಗುವುದಿಲ್ಲ ಅಂತ ಅವನಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಹೋಗಿ, ಬರಿಗೈಲಿ ಬಂದ.

ಚಳಿಗಾಲವೆಲ್ಲ ಎಲೆ ಹಸಿರಾಗೇ ಇತ್ತು. ಅದು ಸಾಯುವುದೂ ನಿಧಾನ. ಬೇಸಿಗೆಯಲ್ಲಿ ಎಲೆಗಳು ಒಂದೊಂದಾಗಿ ಸುಕ್ಕುಗಟ್ಟಿದವು, ಬುಡದಿಂದ ಮೇಲಕ್ಕೆ. ಅವಳು ಗಳದ ತುದಿಗೆ ಒದ್ದೆ ಅರಿವೆ ಕಟ್ಟಿ ಅದಕ್ಕೆ ಮುಟ್ಟಿಸುತ್ತಿದ್ದಳು. ಹಾದು ಹೋಗುವವರು ಜಿನ್ನಪ್ಪನ ಹೆಂಡತಿಗೆ ತಲೆ ಕೆಟ್ಟಿದೆ ಅಂದರು. ತೊಟ್ಟಿಲ ಕಾರ್ಯಕ್ಕೆ ಕರೆಯುವುದು ನಿಂತಿತ್ತು, ನಿಪ್ಪಾಣಿಯಲ್ಲಿ ಅವಳು ಅಂದ ಮಾತು ಆಗಲೇ ಊರಿಗೆ ಬಂದಿತ್ತು. ಧರ್ಮದ ಎಣ್ಣೆಗೆ ಪಾಪ ಅಂದವಳು. ನೇಮಿನಾಥನ ಬಾಟಲಿ ಮಾತ್ರ ನಮ್ಮೂರ ಕಿರಾಣಿ ಅಂಗಡಿಯಲ್ಲೂ ಬಂತು. ಈಗ ಚಿತ್ರದಲ್ಲಿ ಮರಬಾಳೆಯ ಹೂವಿಗೆ ಕೆಂಪು ಬಣ್ಣ.

ತೊಂಬತ್ನಾಲ್ಕರ ಮೊದಲ ಮಳೆಗೆ ನಾವಿಬ್ಬರೂ ಹೊಲಕ್ಕೆ ಹೋದೆವು. ಸೀರೆಯ ಪಟ್ಟಿ ಕವಲಿನಲ್ಲಿ ಇತ್ತು, ನೆನೆದು ಜೋತುಬಿದ್ದಿತ್ತು. ಗಡ್ಡೆ ಕೆಳಗೆ ಕೆಸರಿನಲ್ಲಿ ಬಿದ್ದಿತ್ತು, ಒಣಗಿದ ಹಗ್ಗದ ತುಂಡಿನ ಹಾಗೆ. ಅವಳು ಎತ್ತಿಕೊಂಡು, ಅಂಟಿದ್ದ ಮಣ್ಣನ್ನು ಬೆರಳಿಂದ ಒರೆಸಿ, ನೋಡಿ, ಮರದ ಬುಡಕ್ಕೆ ಆನಿಸಿ ಇಟ್ಟಳು.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಸಿಕ್ಕಳು. ಜೈನರ ಮನೆಯಲ್ಲಿ ನೀರನ್ನು ಸೋಸದೆ ಬಳಸುವುದಿಲ್ಲ. ಅವಳು ಕೊಡದ ಬಾಯಿಗೆ ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ಹಾಸಿ, ನಡುವೆ ಸ್ವಲ್ಪ ತಗ್ಗು ಮಾಡಿ, ಸೇದಿದ ನೀರನ್ನು ಸಣ್ಣಗೆ ಹೊಯ್ದಳು. ಕೊಡ ತುಂಬಿತು. ಅರಿವೆಯನ್ನು ಹಿಂಡದೆ, ಅಂಚು ಹಿಡಿದು ಎತ್ತಿ, ಸಣ್ಣ ಚಂಬಿನ ಮೇಲೆ ಬೋರಲು ಹಿಡಿದು, ಸೋಸಿದ ನೀರನ್ನೇ ಅದರ ಬೆನ್ನ ಮೇಲೆ ಸುರಿದು ತೊಳೆದಳು. ಕಣ್ಣಿಗೆ ಕಾಣದ ಎಷ್ಟು ಹುಳಗಳಿದ್ದವೋ ಎಲ್ಲ ಚಂಬಿಗೆ ಬಂದವು. ಮೇಲಿಂದ ಸುರಿದರೆ ಪೆಟ್ಟಾಗುತ್ತದೆಂದು ಚಂಬನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಟ್ಟಳು. ಚಂಬು ನೀರು ಮುಟ್ಟಿದಾಗ ಹಗ್ಗ ಸಡಿಲಾಯಿತು. ಮೆಲ್ಲಗೆ ವಾಲಿಸಿ, ಖಾಲಿ ಮಾಡಿ, ಮೇಲೆ ಎಳೆದುಕೊಂಡು, ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.